ವಿಶ್ರಾಂತಿಯ ಪದ್ಧತಿಯೂ ಹೃದಯದ ಪೂರಣವೂ

ನಡುವಯಸ್ಸು ಬಂದಿತೆಂದರೆ ಶರೀರವನ್ನು ದಣಿಸದೆ ಜೋಪಾನಮಾಡಿಕೊಳ್ಳಬೇಕು; ಓಡುವುದು, ಈಜುವುದು, ಬೆಟ್ಟ ಹತ್ತುವುದು ಇವೇ ಮೊದಲಾದುವನ್ನು ಎಳೆಯರಿಗೆ ಬಿಟ್ಟುಕೊಟ್ಟು ತಾನು ಕುರ್ಚಿಯ ಗೌರವವನ್ನು ಸ್ವೀಕರಿಸಬೇಕು ಎಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಸುಶಿಕ್ಷಿತ ಸಮಾಜದಲ್ಲಿ ಬೇರೂರಿ, ಅನೇಕ ವೈದ್ಯರ ಸಮ್ಮತಿಯನ್ನೂ ಪಡೆದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ವೇಳೆಗೆ ಒಂದು ಸ್ಥಿರವಾದ ಪದ್ಧತಿಯೇ ಆಗಿ ನಿಂತಿತ್ತು. ಆ ಪದ್ಧತಿಗೆ ಆಧಾರವಾಗಿದ್ದುದು ಹೃದಯವನ್ನು ಕುರಿತ ಒಂದು ಭಯ. ಅತಿಯಾದ ದುಡಿಮೆಯಿಂದ ಅದು ಸವೆದುಹೋದೀತು, ಹಿಗ್ಗಿ ಸಡಿಲವಾದೀತು ಎಂಬ ಭಯ. ಆ ಭಯ ಯಾರ ಯಾರ ಶ್ರಮದಿಂದ ಕರಗಿತು, ಕರಗಿದ ಮೇಲೆ ಆರೋಗ್ಯವಂತರಾದ ನಡುವಯಸ್ಸಿನವರ ಹೃದಯದ ವಿಷಯದಲ್ಲಿ ಯಾವ ಹೊಸ ತಿಳಿವಳಿಕೆ ನೆಲೆಗೊಂಡಿತು ಎಂಬುದನ್ನು ವಿಚಾರಿಸುವುದು ಇಂದಿನ ನಮಗೆ ಅತ್ಯಂತ ಅವಶ್ಯಕವಾದ ಕಾರ್ಯ. ಏಕೆಂದರೆ ಭಯ ಶಾಸ್ತ್ರಗ್ರಂಥಗಳಿಂದ ಅಳಿಸಿಹೋಗಿದ್ದರೂ ಅದು ಹುಟ್ಟುಹಾಕಿದ ಪದ್ಧತಿ ಮನೆಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ.

ಹೃದಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅದರ ಬಡಿತ. ಮಾಂಸಖಂಡ ಬಿಗಿದುಕೊಂಡು ರಕ್ತವನ್ನು ಹೊರಕ್ಕೆ ತಳ್ಳುವ ಸಂಕೋಚನಕ್ರಿಯೆ ಕೈಗೆ ಸಿಕ್ಕುತ್ತದೆ, ಕಿವಿಗೆ ಕೇಳುತ್ತದೆ. ಆದರೆ ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡು ಮುಂದಿನ ಬಾರಿಗೆ ಬೇಕಾದ ರಕ್ತವನ್ನು ತನ್ನೊಳಕ್ಕೆ ತುಂಬಿಕೊಳ್ಳುವ ವ್ಯಾಕೋಚನಕ್ರಿಯೆ ಸದ್ದಿಲ್ಲದೆ ನಡೆದುಹೋಗುವುದರಿಂದ ಅದರ ಕಡೆಗೆ ಗಮನ ಹರಿಯುವುದು ವಿರಳ. ನಿಮಿಷಕ್ಕೆ 72 ಬಾರಿ ಬಡಿಯುವ ಹೃದಯದ ಒಂದು ಆವರ್ತಕ್ಕೆ ತಗಲುವ ಸುಮಾರು 0.8 ಸೆಕೆಂಡಿನಲ್ಲಿ ತಳ್ಳುವ ಕೆಲಸಕ್ಕೆ 0.3 ಸೆಕೆಂಡು ಸಂದರೆ, ಉಳಿದ 0.5 ಸೆಕೆಂಡು ಸಡಿಲವಾಗಿ ತುಂಬಿಕೊಳ್ಳುವುದಕ್ಕೇ ಮೀಸಲು. ಆ ಅವಧಿಯಲ್ಲಿ ಎಡ ಹೃತ್ಕುಕ್ಷಿ ಸುಮಾರು 120 ಮಿಲಿಲೀಟರಿನಷ್ಟು ತುಂಬಿ, ಬಡಿದಾಗ ಅದರಲ್ಲಿ 70 ಮಿಲಿಲೀಟರಿನಷ್ಟನ್ನು ಮಹಾಪಧಮನಿಗೆ ಒಪ್ಪಿಸುತ್ತದೆ. ಮನುಷ್ಯ ಓಡತೊಡಗಿ ಬಡಿತ 150ಕ್ಕೆ ಏರಿದಾಗ ಇಡೀ ಆವರ್ತವೇ 0.4 ಸೆಕೆಂಡಿಗೆ ಇಳಿಯುತ್ತದೆ. ಆಗ ಹೆಚ್ಚಾಗಿ ಮೊಟಕಾಗುವುದು ತುಂಬಿಕೊಳ್ಳುವ ಕಾಲವೇ. ಅಷ್ಟು ಅಲ್ಪ ಸಮಯದಲ್ಲಿ ಹೃತ್ಕುಕ್ಷಿ ಥಟ್ಟನೆ ಸಡಿಲಗೊಂಡು, ತನ್ನ ಗೋಡೆಗಳನ್ನು ಹಿಗ್ಗಿಸಿ, ಶ್ವಾಸಕೋಶಗಳಿಂದ ಬರುವ ರಕ್ತವನ್ನು ಸೆಳೆದುಕೊಳ್ಳಲು ಶಕ್ತವಾಗಿದ್ದರೆ ಮಾತ್ರ ಓಟ ಸಾಗುತ್ತದೆ. ಇಲ್ಲವಾದರೆ ರಕ್ತ ಹಿಂದೆಯೇ ಒತ್ತಿನಿಂತು, ಉಸಿರು ಕಟ್ಟಿದಂತಾಗಿ, ಕಾಲು ಸೋಲುತ್ತದೆ.

ಈ ಎರಡು ಕ್ರಿಯೆಗಳಲ್ಲಿ ಯಾವುದು ಮುಖ್ಯವೆಂಬ ವಿಷಯದಲ್ಲಿ ಅಭಿಪ್ರಾಯ ಕಾಲದಿಂದ ಕಾಲಕ್ಕೆ ತೂಗಾಡಿದೆ. ಗ್ರೀಕ್ ವೈದ್ಯ ಗೇಲನನ ಮತವನ್ನು ನೆಚ್ಚಿದ್ದ ಪ್ರಾಚೀನರು ಹೃದಯ ಹಿಗ್ಗುವಾಗಲೇ ಅದರ ನಿಜವಾದ ಕೆಲಸ ನಡೆಯುತ್ತದೆಂದು ತಿಳಿದಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಇಟಲಿಯ ಪಾದುವಾದಲ್ಲಿ ವ್ಯಾಸಂಗಮಾಡಿ ಬಂದು, ಬಗೆಬಗೆಯ ಪ್ರಾಣಿಗಳ ಹೃದಯಗಳನ್ನು ಕಣ್ಣಾರೆ ಪರೀಕ್ಷಿಸಿ, 1628ರಲ್ಲಿ ಪ್ರಕಟಿಸಿದ ತನ್ನ ಚಿಕ್ಕ ಗ್ರಂಥದಲ್ಲಿ ರಕ್ತ ದೇಹದಲ್ಲೆಲ್ಲ ಸುತ್ತಿಬರುತ್ತದೆಂಬುದನ್ನೂ, ಹೃದಯದ ಪ್ರಧಾನ ವ್ಯಾಪಾರ ಸಂಕೋಚನವೆಂಬುದನ್ನೂ ಸಾಧಿಸಿ ತೋರಿಸಿದ. ಅದು ವೈದ್ಯಶಾಸ್ತ್ರದ ಚರಿತ್ರೆಯಲ್ಲೇ ಮಹತ್ತರವಾದ ಆವಿಷ್ಕಾರ. ಆದರೆ ಅದರ ಪ್ರಖರವಾದ ಬೆಳಕಿನಲ್ಲಿ ಹೃದಯದ ಮತ್ತೊಂದು ಮುಖ ಕೆಲವು ಶತಮಾನಗಳ ಮಟ್ಟಿಗೆ ನೆರಳಿಗೆ ಸರಿಯಿತು. ಹಾರ್ವೆಯ ತರುವಾಯ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ, ಕುದುರೆಯ ಅಪಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿ ರಕ್ತ ಎಂಟಡಿಗೂ ಮೇಲಕ್ಕೆ ಏರುವುದನ್ನು ಅಳೆದು 1733ರಲ್ಲಿ ಪ್ರಕಟಿಸಿದವನು, ಸತ್ತ ಪ್ರಾಣಿಯ ಹೃತ್ಕುಕ್ಷಿಗೆ ಕರಗಿದ ಮೇಣವನ್ನು ಹೊಯ್ದು, ಹೆಪ್ಪುಗಟ್ಟಿದ ಆ ಅಚ್ಚಿನಿಂದ ಅದರಲ್ಲಿ ಎಷ್ಟು ರಕ್ತ ಹಿಡಿಸುತ್ತದೆಂದು ಲೆಕ್ಕಹಾಕಿದ. ಹೃದಯದ ಪೂರಣಸಾಮರ್ಥ್ಯವನ್ನು ಅಳೆಯಬೇಕೆಂಬ ಹಂಬಲದ ಆದಿಯನ್ನು ಆ ಮೇಣದ ಅಚ್ಚಿನಲ್ಲಿ ಕಾಣಬಹುದು.

ದುಡಿಮೆಯ ಭಯ ಬಹಿರಂಗವಾದ ವಿವಾದದ ರೂಪವನ್ನು ತಾಳಿದ್ದು ಇಂಗ್ಲೆಂಡಿನ ನದಿಯ ಮೇಲೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತರುಣರ ನಡುವೆ 1829ರಲ್ಲಿ ಆರಂಭವಾಗಿದ್ದ ದೋಣಿಯ ಪಂದ್ಯ, ಹುಟ್ಟುಹಾಕುವವರ ಹೃದಯಗಳನ್ನು ಹಾಳುಮಾಡಿ ಅವರನ್ನು ಅಕಾಲಮರಣಕ್ಕೆ ಗುರಿಪಡಿಸುತ್ತದೆಂದು ಸ್ಕೀ ಎಂಬ ಹೆಸರಾಂತ ಶಸ್ತ್ರವೈದ್ಯ 1867ರಲ್ಲಿ ಪತ್ರಿಕೆಯ ಮೂಲಕ ಸಾರಿದಾಗ, ತಂದೆತಾಯಿಗಳ ಮನಸ್ಸಿನಲ್ಲಿ ಉಂಟಾದ ಕಳವಳ ಸಾಮಾನ್ಯವಾದುದಲ್ಲ. ಸ್ವತಃ ದೋಣಿ ನಡೆಸಿ ಬಲ್ಲವನಾಗಿದ್ದ ಮ್ಯಾಂಚೆಸ್ಟರಿನ ವೈದ್ಯ ಜಾನ್ ಮಾರ್ಗನ್ ಈ ಆರೋಪವನ್ನು ಮಾತಿನಿಂದ ಎದುರಿಸದೆ, 1829ರಿಂದ 1869ರವರೆಗೆ ಪಂದ್ಯದಲ್ಲಿ ಭಾಗವಹಿಸಿದ್ದ 294 ಜನರ ಬಾಳಿನ ವೃತ್ತಾಂತವನ್ನು, ಬದುಕಿದ್ದವರಿಂದಲೂ ಗತಿಸಿದವರ ಬಂಧುಗಳಿಂದಲೂ ಪತ್ರಗಳ ಮೂಲಕ ಸಂಗ್ರಹಿಸಿ, 1873ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ. ವಿಮಾ ಕಂಪನಿಗಳ ಆಯುಷ್ಯದ ಕೋಷ್ಟಕಗಳು ಸೂಚಿಸಿದ್ದುದಕ್ಕಿಂತ ಆ ದೋಣಿಗಾರರು ಸುಮಾರು ಎರಡು ವರ್ಷ ಹೆಚ್ಚಾಗಿಯೇ ಬಾಳುವರೆಂಬುದು ಅವನಿಗೆ ಕಂಡುಬಂದ ಫಲಿತಾಂಶ. 1899ರಲ್ಲಿ ಸ್ವೀಡನ್ನಿನ ಹೆನ್ಷೆನ್ ಎಂಬ ಪ್ರಾಧ್ಯಾಪಕ, ಹಿಮದ ಮೇಲೆ ಜಾರುವ ಸ್ಪರ್ಧಾಳುಗಳ ಎದೆಯನ್ನು ಬೆರಳಿನಿಂದ ತಟ್ಟಿ, ಆ ಸದ್ದಿನ ವ್ಯತ್ಯಾಸದಿಂದಲೇ ಹೃದಯದ ಎಲ್ಲೆಯನ್ನು ಗುರುತಿಸಿ, ಅವರ ಹೃದಯಗಳು ಹಿಗ್ಗಿವೆ, ಹಾಗೆ ಹಿಗ್ಗಿದ ಹೃದಯ ಹೆಚ್ಚು ಕೆಲಸಕ್ಕೆ ಸಮರ್ಥವಾದುದು ಎಂದು ಬರೆದ. ಆದರೂ ಬಹುಮಂದಿ ವೈದ್ಯರಿಗೆ ದೊಡ್ಡ ಹೃದಯವೆಂದರೆ ರೋಗದ ಹೃದಯವೇ ಆಗಿತ್ತು.

ಹಿಗ್ಗುವಿಕೆಗೂ ಬಲಕ್ಕೂ ಇರುವ ಸಂಬಂಧವನ್ನು ನಿಯಮರೂಪದಲ್ಲಿ ಸ್ಥಾಪಿಸಿದ ಕೀರ್ತಿ ಇಬ್ಬರಿಗೆ ಸಲ್ಲುತ್ತದೆ. ಜರ್ಮನಿಯ ಓಟೋ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಹೃದಯವನ್ನೂ ಶ್ವಾಸಕೋಶವನ್ನೂ ಉಳಿದ ದೇಹದಿಂದ ಬೇರ್ಪಡಿಸಿ, ಒಳಕ್ಕೆ ಹರಿಯುವ ರಕ್ತದ ಪ್ರಮಾಣವನ್ನು ತನ್ನ ಇಷ್ಟದಂತೆ ಹೆಚ್ಚು ಕಡಿಮೆ ಮಾಡುತ್ತ, 1914ರಲ್ಲಿ ಆ ವಿಷಯವನ್ನು ಪರಿಷ್ಕಾರವಾಗಿ ನಿರೂಪಿಸಿದ. ಹೃದಯದ ತಂತುಗಳು ಬಡಿತಕ್ಕೆ ಮುಂಚೆ ಎಷ್ಟು ಉದ್ದಕ್ಕೆ ಹಿಗ್ಗಿರುವುವೋ ಅದಕ್ಕೆ ಅನುಗುಣವಾದ ಬಲದಿಂದ ಅವು ಬಿಗಿದುಕೊಳ್ಳುತ್ತವೆ. ಎಂದರೆ, ಯುಕ್ತವಾದ ಮಿತಿಯೊಳಗೆ, ಹೆಚ್ಚು ತುಂಬಿಕೊಂಡ ಹೃದಯ ಹೆಚ್ಚು ಕೊಡುತ್ತದೆ, ಕಡಿಮೆ ತುಂಬಿಕೊಂಡದ್ದು ಕಡಿಮೆ ಕೊಡುತ್ತದೆ. ಹಾರ್ವೆಯ ಕಾಲದಿಂದ ಹಿನ್ನೆಲೆಯಲ್ಲಿ ಉಳಿದಿದ್ದ ಪೂರಣಕ್ರಿಯೆ ಈ ನಿಯಮದಿಂದ ಮತ್ತೆ ಮುಂದಕ್ಕೆ ಬಂದಿತು.

ಆದರೆ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸತ್ಯ ಆಸ್ಪತ್ರೆಯ ಹಾಸಿಗೆಯನ್ನು ಮುಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು. 1912ರಲ್ಲಿ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಹೃದಯಾಘಾತದ ಲಕ್ಷಣಗಳನ್ನು ಸ್ಪಷ್ಟವಾಗಿ ವಿವರಿಸಿ ರೋಗಿಗೆ ಸಂಪೂರ್ಣ ವಿಶ್ರಾಂತಿಯನ್ನು ವಿಧಿಸಿದಾಗ, ಅವನ ಎಚ್ಚರಿಕೆಗೆ ಅರ್ಥವಿತ್ತು. ಆದರೆ ಮುಂದಿನ ದಶಕಗಳಲ್ಲಿ ಆ ಎಚ್ಚರಿಕೆ ಬೆಳೆದು ಆರು ವಾರಗಳ ಕಠಿಣವ್ರತವಾಯಿತು. ರೋಗಿ ಮಗ್ಗುಲು ಬದಲಿಸಬೇಕಾದರೂ ದಾದಿಯ ಸಹಾಯ ಬೇಕು, ಊಟವನ್ನೂ ಅವಳೇ ತಿನ್ನಿಸಬೇಕು ಎಂಬಷ್ಟರ ಮಟ್ಟಿಗೆ ಅದು ಹೋಯಿತು. ಮಲಗಿ ಮಲಗಿ ಕಾಲಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹರಿದು ಸತ್ತವರೂ ಇದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು, ಇಂತಹ ರೋಗಿಗಳನ್ನು ಆರಂಭದ ದಿನಗಳಲ್ಲೇ ಹಾಸಿಗೆಯಿಂದೆಬ್ಬಿಸಿ ಒರಗುಕುರ್ಚಿಯಲ್ಲಿ ಕೂಡಿಸಿದ್ದರಿಂದ ಕೇಡಾಗದೆ ಒಳ್ಳೆಯದೇ ಆಯಿತೆಂದು ಪ್ರಕಟಿಸಿದರು. ಕುರ್ಚಿಯಲ್ಲಿ ಕುಳಿತುಕೊಳ್ಳುವುದೇ ಒಂದು ಕ್ರಾಂತಿಯೆನಿಸಿತ್ತೆಂದರೆ ವಿಶ್ರಾಂತಿಯ ಪದ್ಧತಿ ಎಷ್ಟು ಬಲವಾಗಿತ್ತೆಂಬುದನ್ನು ಊಹಿಸಬಹುದು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ, ನಡಿಗೆ ಮತ್ತು ಸೈಕಲ್ ಸವಾರಿಯ ಪಕ್ಷಪಾತಿಯಾಗಿದ್ದ ಪಾಲ್ ಡಡ್ಲಿ ವೈಟ್ ಅವರ ಸಲಹೆಯಿಂದ ಅಧ್ಯಕ್ಷರು ಕ್ರಮವಾಗಿ ಚಟುವಟಿಕೆಗೆ ಮರಳಿ, ಮರುವರ್ಷದ ಚುನಾವಣೆಯಲ್ಲಿ ಮತ್ತೆ ಗೆದ್ದರು. ಆ ದೃಷ್ಟಾಂತ ಜನಸಾಮಾನ್ಯರ ಮನಸ್ಸನ್ನು ಯಾವ ಶಾಸ್ತ್ರಗ್ರಂಥಕ್ಕಿಂತಲೂ ಹೆಚ್ಚಾಗಿ ತಿದ್ದಿತು.

ರೋಗಿಗಳ ಮಾತು ಹಾಗಿರಲಿ. ಆರೋಗ್ಯವಂತರಾಗಿ ದುಡಿಯುತ್ತಿರುವ ನಡುವಯಸ್ಸಿನ ಜನರನ್ನು ಕುರಿತು ಮೊದಲ ಬಾರಿಗೆ ದೊಡ್ಡ ಪ್ರಮಾಣದ ಸಾಕ್ಷ್ಯ ದೊರೆತದ್ದು ಲಂಡನ್ನಿನ ಬಸ್ಸುಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೃದಯಾಘಾತ ಪಿಡುಗಿನಂತೆ ಹೆಚ್ಚುತ್ತಿದ್ದ ಕಾಲದಲ್ಲಿ, ಜನರ ಉದ್ಯೋಗಕ್ಕೂ ಈ ರೋಗಕ್ಕೂ ಸಂಬಂಧವುಂಟೇ ಎಂದು ಶೋಧಿಸಹೊರಟ ಡಾಕ್ಟರ್ ಜೆರಿಮಿ ಮಾರಿಸ್ ಅವರ ಕಣ್ಣಿಗೆ ಲಂಡನ್ನಿನ ಎರಡಂತಸ್ತಿನ ಬಸ್ಸು ಒಂದು ಅಪೂರ್ವವಾದ ಪ್ರಯೋಗಶಾಲೆಯಂತೆ ಕಂಡಿತು. ಒಂದೇ ಬಸ್ಸು, ಒಂದೇ ದಾರಿ, ಒಂದೇ ಪಾಳಿ, ಬಹುಮಟ್ಟಿಗೆ ಒಂದೇ ವರ್ಗದಿಂದ ಬಂದ ಇಬ್ಬರು ಕೆಲಸಗಾರರು. ಅವರಲ್ಲಿ ಡ್ರೈವರು ತನ್ನ ಪಾಳಿಯ ಕಾಲವನ್ನೆಲ್ಲ ಹೆಚ್ಚುಕಡಿಮೆ ಕುಳಿತೇ ಕಳೆಯುವವನು, ಕಂಡಕ್ಟರು ಟಿಕೆಟು ಕೊಡುತ್ತ ಹಿಂದಕ್ಕೂ ಮುಂದಕ್ಕೂ ಓಡಾಡಿ, ಸುರುಳಿ ಮೆಟ್ಟಿಲನ್ನು ಹತ್ತಿ ಇಳಿದು, ದಿನವೊಂದಕ್ಕೆ ಸುಮಾರು 500ರಿಂದ 750 ಮೆಟ್ಟಿಲುಗಳನ್ನು ಏರುವವನು. ಮೂವತ್ತೈದರಿಂದ ಅರುವತ್ತನಾಲ್ಕು ವರ್ಷದವರೆಗಿನ ಸುಮಾರು 31,000 ಕೆಲಸಗಾರರ ದಾಖಲೆಗಳನ್ನು ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿದರು.

1953ರ ನವೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದ ಅವರ ನಿರ್ಣಯವಿದು: ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯದ ರಕ್ತನಾಳಗಳ ರೋಗ ಕಡಿಮೆ, ಬಂದರೂ ಅದು ತಡವಾಗಿ ಬರುತ್ತದೆ, ಬಂದವರಲ್ಲೂ ಒಡನೆಯೇ ಸಾಯುವವರ ಸಂಖ್ಯೆ ಕಡಿಮೆ. ಬಸ್ಸಿನ ಇಕ್ಕಟ್ಟಿನಿಂದ ಹುಟ್ಟಿದ ಭ್ರಮೆ ಇದಾಗಿರಬಹುದೇ ಎಂಬ ಶಂಕೆಯನ್ನು ಪರಿಹರಿಸಲು ಅವರು ಅಂಚೆ ಇಲಾಖೆಯತ್ತ ತಿರುಗಿದಾಗ, ನಡೆದೋ ಸೈಕಲ್ ತುಳಿದೋ ಪತ್ರ ಹಂಚುವ ಪೇದೆಗಳಿಗೂ ಮೇಜಿನ ಮುಂದೆ ಕುಳಿತ ಗುಮಾಸ್ತರಿಗೂ ಅದೇ ಅಂತರ ಕಾಣಿಸಿತು. ಮಾರಿಸ್ ಅವರ ಪ್ರಾಮಾಣಿಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪನಿ ಹೊಲಿಸಿಕೊಡುವ ಸಮವಸ್ತ್ರಗಳ ಅಳತೆಯ ಪಟ್ಟಿಗಳನ್ನು ತರಿಸಿ ನೋಡಿದಾಗ, ಡ್ರೈವರುಗಳ ಷರಾಯಿಯ ಸೊಂಟದ ಸುತ್ತಳತೆ ಕಂಡಕ್ಟರುಗಳದಕ್ಕಿಂತ ಹೆಚ್ಚಾಗಿತ್ತು, ಕೆಲಸಕ್ಕೆ ಸೇರಿ ಬಹಳ ಕಾಲವಾಗದ ತರುಣರಲ್ಲೂ ಆ ಭೇದವಿತ್ತು. ಹಾಗಾದರೆ ಸ್ಥೂಲಕಾಯರೇ ಡ್ರೈವರ ಕೆಲಸವನ್ನು ಆರಿಸಿಕೊಳ್ಳುತ್ತಿದ್ದರೇ, ಕೆಲಸದ ಫಲವೆಷ್ಟು, ಹುಟ್ಟಿನ ಮೈಕಟ್ಟಿನ ಫಲವೆಷ್ಟು ಎಂಬ ಪ್ರಶ್ನೆಯನ್ನು ತಮ್ಮ ಸಿದ್ಧಾಂತಕ್ಕೆ ತೊಡಕಾಗುವಂತಿದ್ದರೂ ಅವರು ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಸತ್ಯದಲ್ಲಿ ಇಂತಹ ನಿಷ್ಠೆಯಿದ್ದುದರಿಂದಲೇ ಅವರ ಮಾತಿಗೆ ತೂಕ ಬಂದಿತು. ಅಂದಿನಿಂದ ವ್ಯಾಯಾಮ ಒಂದು ವಿನೋದವೆಂಬ ಭಾವನೆ ಹಿಂದಾಗಿ, ಅದು ಆರೋಗ್ಯದ ಅಂಗವೆಂಬ ಅರಿವು ಬಲಿಯತೊಡಗಿತು.

ಆದರೂ ವ್ಯಾಯಾಮ ಹೃದಯದ ಒಳಗೆ ಏನನ್ನು ಮಾರ್ಪಡಿಸುತ್ತದೆಂಬುದನ್ನು ಬದುಕಿರುವ ಮನುಷ್ಯನಲ್ಲಿ ಕಾಣಲು ಹೊಸ ಸಾಧನಗಳು ಬೇಕಾಗಿದ್ದುವು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವವೈದ್ಯ ತನ್ನ ತೋಳಿನ ಅಭಿಧಮನಿಯ ಮೂಲಕ ಒಂದು ತೆಳುವಾದ ನಳಿಕೆಯನ್ನು ತೂರಿಸಿ, ಹಾಗೆಯೇ ನಡೆದುಕೊಂಡು ಕ್ಷ-ಕಿರಣದ ಕೋಣೆಗೆ ಹೋಗಿ, ಅದರ ತುದಿ ತನ್ನ ಹೃದಯವನ್ನು ಮುಟ್ಟಿರುವ ಚಿತ್ರವನ್ನು ತೆಗೆಸಿದ. ಆ ಸಾಹಸವನ್ನು ಕ್ರಮಬದ್ಧವಾದ ಪರೀಕ್ಷಾವಿಧಾನವನ್ನಾಗಿ ಬೆಳೆಸಿದ ನ್ಯೂಯಾರ್ಕಿನ ಕೂರ್ನಾನ್ ಮತ್ತು ರಿಚರ್ಡ್ಸ್ ಅವರೊಂದಿಗೆ ಅವನಿಗೆ 1956ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯ ಮತ್ತು ಹೆರ್ಟ್ಸ್ ಎಂಬ ಭೌತವಿಜ್ಞಾನಿ, ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚಲು ಹಡಗುಕಟ್ಟೆಯಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ಎರವಲು ತಂದು ಹೃದಯದ ಚಲನೆಯನ್ನು ದಾಖಲಿಸಿದರು. ನಳಿಕೆಯಿಂದ ಒತ್ತಡವನ್ನೂ ಧ್ವನಿಯಿಂದ ಗಾತ್ರವನ್ನೂ ಅಳೆಯುವುದು ಹೀಗೆ ಸಾಧ್ಯವಾದ ಮೇಲೆ, ಇಂತಿಷ್ಟು ಒತ್ತಡಕ್ಕೆ ಹೃತ್ಕುಕ್ಷಿ ಎಷ್ಟು ಹಿಗ್ಗುತ್ತದೆ, ಎಂದರೆ ಅದರ ಗೋಡೆ ಎಷ್ಟು ಮೃದು, ಎಷ್ಟು ಪೆಡಸು ಎಂಬುದು ಅಂಕೆಗಳಲ್ಲಿ ಸಿಗುವಂತಾಯಿತು.

ಮುಂದಿನ ಅಧ್ಯಾಯ ನಡೆದದ್ದು ಅಮೆರಿಕದ ಟೆಕ್ಸಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ. 1966ರಲ್ಲಿ ಸಾಲ್ಟಿನ್, ಬ್ಲೂಮ್‌ಕ್ವಿಸ್ಟ್, ಮಿಚೆಲ್ ಮೊದಲಾದ ವಿಜ್ಞಾನಿಗಳು ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ, ಬಳಿಕ ಎಂಟು ವಾರ ಕಠಿಣವಾದ ವ್ಯಾಯಾಮದಲ್ಲಿ ತೊಡಗಿಸಿದರು. ಬರಿಯ ಮೂರು ವಾರದ ಶಯನದಿಂದ ಅವರು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಮಿಗಿಲಾಗಿ ಕುಸಿಯಿತು. ಹೃದಯದ ಗಾತ್ರವೂ ಪ್ರತಿ ಬಡಿತದಲ್ಲಿ ಅದು ತಳ್ಳುವ ರಕ್ತವೂ ಕಡಿಮೆಯಾದುವು. ಮೂವತ್ತು ವರ್ಷಗಳ ತರುವಾಯ, ಐವತ್ತರ ಗೃಹಸ್ಥರಾಗಿದ್ದ ಅದೇ ಐವರನ್ನು ಮತ್ತೆ ಕರೆಸಿ ಅಳೆದಾಗ ತಿಳಿದುಬಂದ ಸಂಗತಿ ಯಾರನ್ನಾದರೂ ಎಚ್ಚರಿಸತಕ್ಕದ್ದು: ಮೂವತ್ತು ವರ್ಷದ ಮುಪ್ಪು ಅವರ ಸಾಮರ್ಥ್ಯಕ್ಕೆ ಮಾಡಿದ ಹಾನಿಗಿಂತ, ಯೌವನದ ಆ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚಿನದಾಗಿತ್ತು. ಆರು ತಿಂಗಳ ಸಾಧನೆಯಿಂದ ಅವರು ಇಪ್ಪತ್ತರ ವಯಸ್ಸಿನ ತಮ್ಮ ಆರಂಭದ ಮಟ್ಟವನ್ನು ಮರಳಿ ಪಡೆದರು. ಆದರೆ ಆ ಲಾಭವೆಲ್ಲ ಮುಖ್ಯವಾಗಿ ಮಾಂಸಖಂಡಗಳು ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳಲು ಕಲಿತುದರಿಂದ ಬಂದುದು. ಹೃದಯದ ಗರಿಷ್ಠ ನೀಡಿಕೆ ಏರಿರಲಿಲ್ಲ. ವಯಸ್ಸಿನೊಡನೆ ಪೆಡಸಾದ ಹೃದಯ ಮತ್ತೆ ಮೃದುವಾಗಬಲ್ಲುದೇ ಎಂಬ ಪ್ರಶ್ನೆ ಅಲ್ಲಿಂದ ಮುಂದಕ್ಕೆ ಉಳಿಯಿತು.

ಹೃದಯದ ಗೋಡೆ ಪೆಡಸಾಗುವುದೆಂದರೇನೆಂಬುದನ್ನು ನಮ್ಮ ಹಳ್ಳಿಗಳ ಕಪಿಲೆಯ ಬಾವಿಯನ್ನು ಕಂಡವರು ಸುಲಭವಾಗಿ ತಿಳಿಯಬಲ್ಲರು. ದಿನವೂ ನೀರಿಗಿಳಿಯುವ ತೊಗಲಿನ ಚೀಲ ಮೆತ್ತಗಿದ್ದು, ಬಾವಿಯೊಳಗೆ ತಾನಾಗಿ ಬಾಯ್ದೆರೆದು ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ತೂಗುಬಿಟ್ಟದ್ದು ಸೆಟೆದುಕೊಂಡು, ಎಷ್ಟು ಮುಳುಗಿಸಿದರೂ ಅರ್ಧ ತುಂಬುವುದೂ ಕಷ್ಟ. ಹೃತ್ಕುಕ್ಷಿಯ ಗತಿಯೂ ಹಾಗೆಯೇ. ಬಡಿಯುವ ಬಲವೇನೋ ಕುಂದದೆ ಇರುವಾಗಲೂ ತುಂಬಿಕೊಳ್ಳುವ ಶಕ್ತಿ ತಗ್ಗಿ, ಮೆಟ್ಟಿಲು ಹತ್ತುವಾಗ ಏದುಸಿರು ಬರುವ, ಕಾಲು ಊದಿಕೊಳ್ಳುವ ಅವಸ್ಥೆಯೊಂದುಂಟು. ಹೃದಯವೈಫಲ್ಯದಿಂದ ನರಳುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಬಗೆಯವರೆಂಬುದನ್ನು ನೆನೆದರೆ ಪೂರಣಕ್ರಿಯೆಯ ಮಹತ್ತ್ವ ಅರಿವಾಗುತ್ತದೆ.

ಡಲ್ಲಾಸಿನಲ್ಲಿಯೇ ವ್ಯಾಯಾಮವಿಜ್ಞಾನದ ಸಂಸ್ಥೆಯೊಂದನ್ನು 1992ರಲ್ಲಿ ಸ್ಥಾಪಿಸಿದ ಬೆಂಜಮಿನ್ ಲೆವೈನ್ ಮತ್ತು ಅವರ ಸಹೋದ್ಯೋಗಿಗಳು ಪೆಡಸಾದ ಹೃದಯ ಮತ್ತೆ ಮೃದುವಾಗಬಲ್ಲುದೇ ಎಂಬ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಒಂದಾದಮೇಲೊಂದರಂತೆ ಮಾಡಿದ ಅಧ್ಯಯನಗಳು ಸರಪಳಿಯ ಕೊಂಡಿಗಳಂತೆ ಹೊಂದಿಕೊಂಡಿವೆ. ಬಾಳಿನುದ್ದಕ್ಕೂ ಓಟದ ಸ್ಪರ್ಧೆಗಳನ್ನು ಬಿಡದಿದ್ದ ಎಪ್ಪತ್ತರ ಆಸುಪಾಸಿನ ವೃದ್ಧರ ಹೃದಯ ಎಳೆಯರ ಹೃದಯದಷ್ಟೇ ಮೃದುವಾಗಿಯೂ, ಕುಳಿತೇ ಬಾಳಿದ ಅದೇ ವಯಸ್ಸಿನವರದು ಪೆಡಸಾಗಿಯೂ ಇರುವುದು 2004ರಲ್ಲಿ ಪ್ರಕಟವಾಯಿತು. ಹಾಗಾದರೆ ಕುಳಿತು ಬಾಳಿದವರು ಅರುವತ್ತೈದು ದಾಟಿದ ಮೇಲೆ ಸಾಧನೆ ಆರಂಭಿಸಿದರೆ? ಒಂದು ವರ್ಷದ ಶ್ರದ್ಧಾಪೂರ್ವಕವಾದ ವ್ಯಾಯಾಮದಿಂದ ಅವರ ದೇಹದ ಸಾಮರ್ಥ್ಯ ಹೆಚ್ಚಿತಾದರೂ ಹೃದಯದ ಪೆಡಸು ಗಣನೀಯವಾಗಿ ತಗ್ಗಲಿಲ್ಲವೆಂದು 2010ರ ವರದಿ ಹೇಳಿತು. ಎಷ್ಟು ವ್ಯಾಯಾಮ ಸಾಕು ಎಂಬ ಪ್ರಶ್ನೆಗೆ 2014ರಲ್ಲಿ ಉತ್ತರ ಬಂದಿತು: ದಶಕಗಳ ಕಾಲ ವಾರಕ್ಕೆ ಎರಡು ಮೂರು ಬಾರಿ ಮಾಡಿದವರ ಹೃದಯಕ್ಕೆ ಹೆಚ್ಚಿನ ರಕ್ಷಣೆ ಸಿಕ್ಕಿರಲಿಲ್ಲ, ನಾಲ್ಕೈದು ಬಾರಿ ಮಾಡಿದವರಿಗೆ ಸಿಕ್ಕಿತ್ತು.

ಉಳಿದದ್ದು ನಡುವಯಸ್ಸು. 2018ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಎರಿನ್ ಹೌಡನ್, ಲೆವೈನ್ ಮೊದಲಾದವರು ಪ್ರಕಟಿಸಿದ ಪರೀಕ್ಷೆ ಈ ಚರಿತ್ರೆಯ ಒಂದು ಮುಖ್ಯ ಘಟ್ಟ. ಆರೋಗ್ಯವಾಗಿದ್ದರೂ ವ್ಯಾಯಾಮದ ಅಭ್ಯಾಸವಿಲ್ಲದ, ನಲವತ್ತೈದರಿಂದ ಅರುವತ್ತನಾಲ್ಕರೊಳಗಿನ 61 ಸ್ತ್ರೀಪುರುಷರನ್ನು ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ಯೋಗಾಸನ, ಸಮತೋಲನ ಮತ್ತು ಹಗುರವಾದ ಬಲಸಾಧನೆಯನ್ನೂ, ಮತ್ತೊಂದಕ್ಕೆ ಹೃದಯದ ಬಡಿತವನ್ನು ಏರಿಸುವ ವ್ಯಾಯಾಮವನ್ನೂ ಎರಡು ವರ್ಷಗಳ ಕಾಲ ಗೊತ್ತುಮಾಡಿದರು. ಎರಡನೆಯ ಗುಂಪಿನವರ ಹೊರೆಯನ್ನು ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರಿಸಿ, ವಾರದಲ್ಲಿ ನಾಲ್ಕೈದು ದಿನದ ಸಾಧನೆಗೆ ತಂದರು. ಅದರಲ್ಲಿ ನಾಲ್ಕು ನಿಮಿಷ ಗರಿಷ್ಠ ಬಡಿತಕ್ಕೆ ಹತ್ತಿರವಾಗುವಷ್ಟು ಬಿರುಸಾಗಿ ದುಡಿದು, ಮೂರು ನಿಮಿಷ ಮೆಲ್ಲಗೆ ಸುಧಾರಿಸಿಕೊಂಡು, ಇದನ್ನೇ ನಾಲ್ಕು ಸಲ ಆವರ್ತಿಸುವ ನಾರ್ವೆ ದೇಶದ ಕ್ರಮವೂ ಸೇರಿತ್ತು. ಕೊನೆಯವರೆಗೂ ಉಳಿದ 53 ಮಂದಿಯ ಹೃದಯಕ್ಕೆ ನಳಿಕೆ ತೂರಿಸಿ, ರಕ್ತದ ಹರಿವನ್ನು ಬೇಕೆಂದೇ ತಗ್ಗಿಸಿಯೂ ಹೆಚ್ಚಿಸಿಯೂ ಅಳೆದಾಗ, ವ್ಯಾಯಾಮದ ಗುಂಪಿನಲ್ಲಿ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಶೇಕಡ 18ರಷ್ಟು ಏರಿ, ಹೃತ್ಕುಕ್ಷಿ ಹೆಚ್ಚು ತುಂಬಿಕೊಳ್ಳುವಂತಾಗಿ, ಅದರ ಪೆಡಸು ಸ್ಪಷ್ಟವಾಗಿ ತಗ್ಗಿತ್ತು. ಮೊದಲ ಗುಂಪಿನಲ್ಲಿ ಆ ಬದಲಾವಣೆ ಇರಲಿಲ್ಲ. ಯೋಗಕ್ಕೆ ಅದರದೇ ಆದ ಬೇರೆ ಫಲಗಳುಂಟು. ಇಲ್ಲಿ ಅಳೆದುದು ಹೃದಯದ ಪೂರಣವೊಂದನ್ನೇ. ಈ ಪರೀಕ್ಷೆ ಆಯುಷ್ಯವನ್ನಾಗಲಿ ಮುಂದೆ ರೋಗ ಬಾರದಿರುವುದನ್ನಾಗಲಿ ಅಳೆದದ್ದಲ್ಲ, ಪಾಲ್ಗೊಂಡವರ ಸಂಖ್ಯೆಯೂ ದೊಡ್ಡದಲ್ಲ. ಆದರೆ ನಡುವಯಸ್ಸಿನ ಹೃದಯ ಇನ್ನೂ ಮಣಿಯಬಲ್ಲುದು, ಮುಪ್ಪು ಅಡರಿದ ಮೇಲೆ ಅದೇ ಮಣಿತ ದುರ್ಲಭವಾಗುತ್ತದೆ ಎಂಬ ಮಾತಿಗೆ ಇದರಿಂದ ದೃಢವಾದ ಆಧಾರ ದೊರಕಿತು.

ವಿಶ್ರಾಂತಿಗೆ ಹಕ್ಕುಳ್ಳ ಕಾಲವೆಂದು ಹಿಂದಿನವರು ಯಾವ ವಯಸ್ಸನ್ನು ಎಣಿಸಿದ್ದರೋ ಅದೇ ವಯಸ್ಸು ಹೃದಯಕ್ಕೆ ದುಡಿಮೆ ಅತ್ಯಂತ ಫಲಕಾರಿಯಾದ ಕಾಲವೆಂಬುದು ಈ ದೀರ್ಘವಾದ ಶೋಧನೆಯ ತಾತ್ಪರ್ಯ. ಇದನ್ನು ಅರಿತವರು ಏಕಾಏಕಿ ಮೈದಾನಕ್ಕೆ ಧುಮುಕಬೇಕೆಂದಲ್ಲ. ಎದೆನೋವು, ತಲೆಸುತ್ತು ಮುಂತಾದ ಸೂಚನೆಗಳಿರುವವರು ಮೊದಲು ವೈದ್ಯರ ಮಾತು ಕೇಳಬೇಕು, ಉಳಿದವರೂ ಡಲ್ಲಾಸಿನವರಂತೆ ತಿಂಗಳುಗಳ ಸಹನೆಯಿಂದ ಹೆಜ್ಜೆಹೆಜ್ಜೆಯಾಗಿ ಏರಬೇಕು. ಆದರೆ ಹೀಗೆ ಏರುವುದಕ್ಕೆ ವ್ಯಕ್ತಿಯ ಸಂಕಲ್ಪವೊಂದೇ ಸಾಲದು. ಲಂಡನ್ನಿನ ಕಂಡಕ್ಟರಿಗೆ ಅವನ ಉದ್ಯೋಗವೇ ಮೆಟ್ಟಿಲು ಹತ್ತಿಸುತ್ತಿತ್ತು. ದಿನವಿಡೀ ಯಂತ್ರದ ಮುಂದೆ ಕುಳಿತು ದುಡಿಯುವ ಇಂದಿನ ನಲವತ್ತೈದರ ಗೃಹಸ್ಥನಿಗೂ ಗೃಹಿಣಿಗೂ ಆ ಭಾಗ್ಯವಿಲ್ಲ. ಅವರು ನಿರ್ಭಯವಾಗಿ ಬಿರುಸಿನಿಂದ ನಡೆಯುವ ರಸ್ತೆಗಳೂ, ಓಡುವ ಬಯಲುಗಳೂ, ಅದಕ್ಕೆ ಬೇಕಾದ ಬಿಡುವೂ ಊರಿನ ಆಡಳಿತದಿಂದ, ಕಚೇರಿಯ ಯಜಮಾನರಿಂದ, ಮನೆಯವರಿಂದ ಒದಗಬೇಕು; ಐವತ್ತರ ಹೆಂಗಸು ಬೆವರು ಸುರಿಸಿ ಓಡುವುದನ್ನು ಕಂಡಾಗ ನೆರೆಹೊರೆ ಗೌರವದಿಂದ ದಾರಿ ಬಿಡಬೇಕು. ಪದ್ಧತಿಯನ್ನು ಕಟ್ಟಿದ್ದು ಸಮಾಜ. ಅದನ್ನು ಬದಲಿಸುವ ಹೊಣೆಯೂ ಸಮಾಜದ್ದೇ.